ನೀಲವ್ವನ ಆರು ಹಲ್ಲು

ಹೋದ ತಿಂಗಳು ಬೈಲಹೊಂಗಲದಿಂದ ಇಬ್ಬರು ಹೆಣ್ಣುಮಕ್ಕಳು ನನ್ನನ್ನು ಹುಡುಕಿಕೊಂಡು ಮನೋಳಿಯ ಮನೆಗೆ ಬಂದರು. ಇಬ್ಬರೂ ದಂತವೈದ್ಯ ಪದವಿ ಮುಗಿಸಿದವರು, ಕೂಡಿಯೇ ಒಂದು ದವಾಖಾನೆ ತೆರೆಯುವವರಿದ್ದರು. ಯಾವ ಕುರ್ಚಿ ಬಾಳಿಕೆ ಬರುತ್ತದೆ, ಯಾವ ಎಕ್ಸ್‌ರೇ ಯಂತ್ರ ತಂದರೆ ಒಳ್ಳೆಯದು ಎಂದು ಕೇಳಿದರು. ನಾನು ಹಲ್ಲಿನ ಡಾಕ್ಟರನಾಗಿ ಮೂವತ್ತು ವರ್ಷ ಕಳೆದದ್ದು ನಿಜ. ಆದರೆ ನಾನು ಬಳಸಿದ ಕುರ್ಚಿಗಳು ಈಗ ಗುಜರಿಯಲ್ಲೂ ಸಿಗಲಾರವು. ಅದಕ್ಕೇ ಯಂತ್ರದ ಮಾತು ಬಿಟ್ಟು ನೀಲವ್ವ ಎಂಬ ಹೆಂಗಸಿನ ವಿಷಯ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ಹೋಗುವಾಗ ಅವರಲ್ಲಿ ಒಬ್ಬಳು ಬಾಗಿಲಲ್ಲಿ ನಿಂತು, “ಸರ್, ಇದನ್ನ ಬರದಿಡ್ರಿ. ನಮಗ ಕಾಲೇಜಿನ್ಯಾಗ ಇದನ್ನ ಯಾರೂ ಹೇಳಿಲ್ಲ” ಎಂದಳು. ಹೀಗಾಗಿ ಬರೆಯಲು ಕುಳಿತೆ. ಬಡ್ತಿ, ವರ್ಗಾವಣೆ, ಶಾಲು ಹೊದಿಸಿದ್ದು ಇವನ್ನೆಲ್ಲ ಬಿಟ್ಟುಬಿಡುತ್ತೇನೆ.

ನಮ್ಮದು ಪಂಚಾಂಗ ನೋಡಿ ಮುಹೂರ್ತ ಹೇಳುವ ಮನೆತನ. ಮನೋಳಿಯಲ್ಲಿ ಮಲಪ್ರಭೆಯ ನೀರಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಮಂತ್ರ ಹೇಳುತ್ತ ಮನೆಗೆ ಬರುವ ತಂದೆಗೆ ಮಗ ಡಾಕ್ಟರನಾದದ್ದು ಸಂತೋಷವೇ. ಹಲ್ಲಿನ ಡಾಕ್ಟರನಾದದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. “ಮಂದಿ ಎಂಜಲ ಬಾಯಾಗ ಕೈ ಹಾಕೋದು, ಅದೇ ಕೈಲೆ ಮನ್ಯಾಗ ಊಟ ಮಾಡೋದು. ಇದೇನು ವಿದ್ಯಾನೋ?” ಎಂದರು. ಮೊದಲ ಎರಡು ವರ್ಷ ನಾನು ದವಾಖಾನೆಯಿಂದ ಬಂದವನು ಹಿತ್ತಲ ಬಾಗಿಲಿಂದಲೇ ಒಳಗೆ ಬರಬೇಕಿತ್ತು. ಬಾವಿಕಟ್ಟೆಯ ಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡ ಮೇಲೆಯೇ ಅಡುಗೆಮನೆಗೆ ಪ್ರವೇಶ. ಒಮ್ಮೆ ಅವರ ದವಡೆ ಹಲ್ಲೇ ನೋಯತೊಡಗಿತು. ಲವಂಗ ಇಟ್ಟರು, ಇಂಗು ಇಟ್ಟರು, ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಮುಖದ ತುಂಬ ಶಾಲು ಹೊದ್ದುಕೊಂಡು ಬಸ್ಸಿನಲ್ಲಿ ನನ್ನ ದವಾಖಾನೆಗೆ ಬಂದು, ಬೇರೆ ರೋಗಿಗಳ ನಡುವೆ ಸರದಿಯಲ್ಲಿ ಕುಳಿತರು. ನಾನು ಹಲ್ಲು ಕಿತ್ತು ಹತ್ತಿ ಕಚ್ಚಿಸಿದೆ. ಸಂಜೆ ಮನೆಗೆ ಹೋದಾಗ ಮುಂಬಾಗಿಲಲ್ಲೇ ಕುಳಿತಿದ್ದರು. ಬಾಯಲ್ಲಿ ಹತ್ತಿ ಇತ್ತು, ಮಾತು ಸರಿಯಾಗಿ ಹೊರಡಲಿಲ್ಲ. “ಇನ್ನ ಮುಂದ ಹಿತ್ತಲ ಕಡೆಯಿಂದ ಬರೋದು ಬ್ಯಾಡ” ಎಂದು ಮಾತ್ರ ಹೇಳಿ ಒಳಗೆ ಹೋದರು.

ಆ ದವಾಖಾನೆ ಇದ್ದದ್ದು ಬೈಲಹೊಂಗಲದಲ್ಲಿ, ಅರಳೆ ವ್ಯಾಪಾರದ ಓಣಿಯ ತುದಿಗೆ, ಒಂದೇ ಕೋಣೆ. ಸರಕಾರಿ ನೌಕರಿ ಸಿಗುವ ಮೊದಲು ನಾನೇ ನಡೆಸುತ್ತಿದ್ದುದು. ಸೂಜಿಗಳನ್ನು ಕುದಿಸಿ ಕುದಿಸಿ ಮತ್ತೆ ಬಳಸುವ ಕಾಲ ಅದು. ತುದಿ ಮೊಂಡಾದರೆ ಸಣ್ಣ ಕಲ್ಲಿನ ಮೇಲೆ ಮಸೆಯುತ್ತಿದ್ದೆ. ಹಲ್ಲು ಕೊರೆಯುವ ಯಂತ್ರವನ್ನು ಕಾಲಿನಿಂದ ತುಳಿಯಬೇಕಿತ್ತು, ಹೊಲಿಗೆ ಯಂತ್ರದ ಹಾಗೆ. ಕೆಲಸವೆಂದರೆ ಬಹುಪಾಲು ಕೀಳುವುದೇ. ಕೀಳುವುದರಲ್ಲಿ ನನ್ನ ಕೈ ಹಗುರ ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಆ ಹೆಸರು ನನಗೂ ತಲೆಗೇರಿತ್ತು.

ಒಂದು ಮಧ್ಯಾಹ್ನ ಸಿದ್ದಪ್ಪ ಎಂಬಾತ ಬಂದ. ಅಂಡಿಗೆ ಎನ್ನುವ ಅರಳೆ ಮೂಟೆಗಳನ್ನು ಹೊರುವ ಗಟ್ಟಿ ಆಳು, ನಲವತ್ತರ ಆಸುಪಾಸು. ಕೆಳಗಿನ ಬಲ ದವಡೆಯ ಹಲ್ಲು ಅಲುಗಾಡುತ್ತಿತ್ತು. “ರೊಟ್ಟಿ ಅಗಿಯಾಕ ಬರವಲ್ದುರಿ. ಕಿತ್ತ ಒಗೀರಿ” ಎಂದ. ಇಕ್ಕಳ ಹಿಡಿದರೆ ಹಲ್ಲು ತಾನಾಗಿಯೇ ಬಂದಂತೆ ಬಂತು. ಪಕ್ಕದ ವಸಡು ಉಬ್ಬಿ, ಹೂಕೋಸಿನ ಹಾಗೆ ಕಾಳು ಕಾಳಾಗಿತ್ತು. ಕೀವು ತುಂಬಿರಬೇಕು ಎಂದುಕೊಂಡು ಗುಳಿಗೆ ಬರೆದುಕೊಟ್ಟೆ. ಹದಿನೈದು ದಿನ ಬಿಟ್ಟು ಮತ್ತೆ ಬಂದ. ಗಾಯ ಮಾಯ್ದಿರಲಿಲ್ಲ, ಹಲ್ಲು ಇದ್ದ ಕುಳಿಯಲ್ಲಿ ಮಾಂಸ ಬೆಳೆದಿತ್ತು. ನಾನು ಇನ್ನೊಂದು ಬಗೆಯ ಗುಳಿಗೆ ಬರೆದೆ. ಮೂರನೆಯ ಸಲ ಬಂದಾಗಲೂ ಗುಳಿಗೆಯನ್ನೇ ಬರೆದೆ. ಆಮೇಲೆ ಅವನು ಬರಲಿಲ್ಲ. ವಾಸಿಯಾಗಿರಬೇಕು ಎಂದುಕೊಂಡೆ.

ಆರೇಳು ತಿಂಗಳಾದ ಮೇಲೆ ಅವನ ಜೊತೆಯ ಹಮಾಲನೊಬ್ಬ ಹಲ್ಲು ತೋರಿಸಲು ಬಂದವನು ಮಾತಿನ ನಡುವೆ ಹೇಳಿದ: ಸಿದ್ದಪ್ಪನಿಗೆ ದವಡೆಯ ಕ್ಯಾನ್ಸರ್, ದೊಡ್ಡ ಆಸ್ಪತ್ರೆಯವರು ತಡವಾಯಿತು ಎಂದು ವಾಪಸು ಕಳಿಸಿದ್ದಾರೆ. ಎರಡು ತಿಂಗಳಿಗೆ ಅವನು ತೀರಿಕೊಂಡ. ನಾನು ಅವನನ್ನು ನೋಡಲು ಹೋಗಲಿಲ್ಲ, ಸತ್ತ ಮೇಲೂ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ ಎಂದು ಬರೆದರೆ ಅದು ಅರ್ಧ ಸತ್ಯ. ಅವನ ಮನೆಯವರು ಏನಾದರೂ ಕೇಳಿಯಾರು ಎಂದು ಹೆದರಿದ್ದೆ.

ಮುಂದೆ ಸರಕಾರಿ ನೌಕರಿ ಸಿಕ್ಕಿತು. ನನ್ನ ಮೊದಲ ಮೇಲಧಿಕಾರಿ ಡಾ. ಹೊಸಮನಿ, ಶಸ್ತ್ರವೈದ್ಯರು. ಕಡಿಮೆ ಮಾತಿನ, ದೊಡ್ಡ ಮೀಸೆಯ ಮನುಷ್ಯ. ಊಟದ ಹೊತ್ತಿನಲ್ಲಿ ಡಬ್ಬಿಯನ್ನು ಮೇಜಿನ ನಡುವೆ ಇಟ್ಟು ಎಲ್ಲರಿಗೂ ಹಂಚುತ್ತಿದ್ದರು. ಒಂದು ದಿನ ನಾವಿಬ್ಬರೇ ಇದ್ದಾಗ ಸಿದ್ದಪ್ಪನ ವಿಷಯ ಅವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಎಷ್ಟು ಹಲ್ಲು ಕಿತ್ತೀರಿ ಇಲ್ಲೀತನಕ?”

“ಲೆಕ್ಕ ಇಟ್ಟಿಲ್ಲರಿ ಸರ್.”

“ಎಷ್ಟು ಬಾಯಿ ನೋಡೀರಿ?”

ಅವರು ಒಂದು ರೊಟ್ಟಿಯನ್ನು ನನ್ನ ಕಡೆ ಸರಿಸಿ, “ನಾಳಿಂದ ಬಾಯಿ ನೋಡ್ರಿ. ಹಲ್ಲು ಆಮ್ಯಾಲ” ಎಂದರು.

ಮರುದಿನದಿಂದ ಅವರ ಕೈಕೆಳಗೆ ನನ್ನ ನಿಜವಾದ ಕಲಿಕೆ ಶುರುವಾಯಿತು. ಕಾಲುನೋವೆಂದು ಬಂದವರನ್ನೂ ನನ್ನ ಕೋಣೆಗೆ ಕಳಿಸುತ್ತಿದ್ದರು: “ಬಾಯಿ ನೋಡಿ ಕಳಸ್ರಿ.” ಮೊದಲು ತುಟಿ, ಆಮೇಲೆ ಎರಡೂ ಕೆನ್ನೆಯ ಒಳಮೈ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಅಂಗುಳ, ಕೊನೆಗೆ ಬೆರಳಿನಿಂದ ಕುತ್ತಿಗೆಯ ಗಂಟು. ಇದೆಲ್ಲ ಆದ ಮೇಲೆ ಹಲ್ಲು. ದೊಡ್ಡವರ ಹಲ್ಲು ಕಾರಣವಿಲ್ಲದೆ ಅಲುಗಾಡಿದರೆ ಕಾರಣ ಸಿಗುವ ತನಕ ಇಕ್ಕಳ ಮುಟ್ಟಬಾರದು. ಬಾಯಿಯ ಗಾಯ ಎರಡು ವಾರಕ್ಕೆ ಮಾಯದಿದ್ದರೆ ಮತ್ತೆ ಗುಳಿಗೆ ಬರೆಯಬಾರದು, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಎಲ್ಲ ಬಿಟ್ಟು ಇಷ್ಟನ್ನು ನೆನಪಿಟ್ಟುಕೊಂಡರೂ ಸಾಕು ಎಂದು ಆ ಇಬ್ಬರು ಹುಡುಗಿಯರಿಗೆ ಹೇಳಿದೆ.

ಹುರುಪು ಅತಿಯಾದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕಿತ್ತೂರಿನಲ್ಲಿದ್ದಾಗ ಒಬ್ಬ ಹೆಡ್‌ಮಾಸ್ತರರ ಬಾಯಿ ನೋಡುತ್ತ, “ಇನ್ನೂ ತೆರೀರಿ, ಇನ್ನೂ ತೆರೀರಿ” ಎಂದೆ. ಅವರು ವಿಧೇಯ ಮನುಷ್ಯ, ತೆರೆದೇ ತೆರೆದರು. ಕಟ್ ಎಂದು ದವಡೆ ಜಾರಿತು. ಬಾಯಿ ಮುಚ್ಚಲೊಲ್ಲದು. ಜಾರಿದ ದವಡೆ ಕೂರಿಸುವುದನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿದ್ದೆ. ನನ್ನ ಜೊತೆಗಿದ್ದ ನರ್ಸ್ ಶಕುಂತಲಾ ಮಾಸ್ತರರ ತಲೆಯನ್ನು ಗಟ್ಟಿಯಾಗಿ ಹಿಡಿದರು, ನಾನು ಎರಡೂ ಹೆಬ್ಬೆರಳು ಒಳಗಿಟ್ಟು ಒತ್ತಿದೆ. ಮೂರನೆಯ ಸಲಕ್ಕೆ ಕೂತಿತು. ಹೆಡ್‌ಮಾಸ್ತರರು ಬಾಯಿ ಒರೆಸಿಕೊಂಡು ಆಡಿದ ಮೊದಲ ಮಾತು, “ಸೋಮವಾರ ನಮ್ಮ ಸಾಲಿಗೆ ಬಂದು ಹುಡುಗರಿಗೆ ಹಲ್ಲಿನ ಬಗ್ಗೆ ನಾಕು ಮಾತು ಹೇಳ್ರಿ. ಇದೊಂದು ಹೇಳಬ್ಯಾಡ್ರಿ.” ಹೋದೆ, ಹೇಳಲಿಲ್ಲ.

ಶಕುಂತಲಾ ಸಿಸ್ಟರ್ ಮುಂದೆ ಸವದತ್ತಿಯಲ್ಲೂ ನನ್ನ ಜೊತೆಗೆ ಇದ್ದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಅವರು ಎಲ್ಲರ ಮುಂದೆ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲವೆಂದು ಅವರ ಕಣ್ಣೆದುರಿಗೇ ಗೊತ್ತಾದದ್ದು ನನ್ನ ನೌಕರಿಯ ಕೊನೆಯ ವರ್ಷದಲ್ಲಿ.

ಒಂದು ಗುರುವಾರ ಚಚಡಿಯಿಂದ ಸವಿತಾ ಎಂಬ ಹೆಣ್ಣುಮಗಳು ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ದಪ್ಪ ಫೈಲು. ಅತ್ತೆಯೇ ನೀಲವ್ವ. ಅರವತ್ತರ ಹತ್ತಿರದ, ಎತ್ತರದ, ನೆಟ್ಟಗೆ ನಡೆಯುವ ಹೆಂಗಸು. ಹಂಚಿನ ಮೇಲೆ ತಂಬಾಕು ಹುರಿದು ಪುಡಿ ಮಾಡಿದ ಮಿಸ್ರಿಯನ್ನು ನಮ್ಮ ಕಡೆ ಹೆಂಗಸರು ಹಲ್ಲಿಗೆ ತಿಕ್ಕುತ್ತಾರಲ್ಲ, ಅದನ್ನು ಹತ್ತನೆಯ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ತಿಕ್ಕಿದವಳು. ನಾಲ್ಕು ತಿಂಗಳಿಂದ ಕಿವಿ ನೋವು, ನುಂಗಲು ತ್ರಾಸು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಇಳಿಸಿ ನೋಡಿದ್ದರು, ಚೂರು ತೆಗೆದು ಪರೀಕ್ಷಿಸಿದ್ದರು, ಸ್ಕ್ಯಾನ್ ಮಾಡಿದ್ದರು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ಏಳು ವಾರ ಕಿರಣ ಚಿಕಿತ್ಸೆ, ಜೊತೆಗೆ ವಾರಕ್ಕೊಂದು ಔಷಧದ ಸಲೈನು. ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ ಎಂದಿದ್ದರು. ಅದಕ್ಕೂ ಮೊದಲು ಕೆಟ್ಟ ಹಲ್ಲುಗಳನ್ನು ತೆಗೆಸಿಕೊಂಡು ಬರಬೇಕು ಎಂದು ಚೀಟಿ ಬರೆದಿದ್ದರು.

ಇದು ಏಕೆ ಬೇಕೆಂದು ಹೇಳಿಬಿಡುತ್ತೇನೆ. ಕಿರಣ ಬಿದ್ದ ದವಡೆಯ ಎಲುಬಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಚಿಕಿತ್ಸೆಯ ನಂತರ ಹಲ್ಲು ಕೆಟ್ಟು, ಆಗ ಕಿತ್ತರೆ ಗಾಯ ಮಾಯುವುದಿಲ್ಲ, ಎಲುಬೇ ಕೊಳೆಯಲೂಬಹುದು. ಆದ್ದರಿಂದ ಬಹಳ ದಿನ ಬಾಳದ ಹಲ್ಲುಗಳನ್ನು ಮೊದಲೇ ತೆಗೆದು, ಗಾಯ ಮಾಯ್ದ ಮೇಲೆ ಚಿಕಿತ್ಸೆ ಶುರು ಮಾಡುತ್ತಾರೆ. ಅದಕ್ಕೆ ಎರಡು ಮೂರು ವಾರ ಬೇಕು. ನೀಲವ್ವನ ಎಕ್ಸ್‌ರೇ ನೋಡಿದೆ. ಕೆಳಗಿನ ಹಿಂಬದಿಯ ಆರು ಹಲ್ಲುಗಳ ಬುಡದಲ್ಲಿ ಎಲುಬು ಸವೆದಿತ್ತು. ಆ ಆರನ್ನೂ ತೆಗೆಯಬೇಕಿತ್ತು.

ಆಕೆ ಕುರ್ಚಿಯ ಮೇಲೆ ಕೂಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

“ನೀವು ಹಿಂದಕ ಬೈಲಹೊಂಗಲದಾಗ ದವಾಖಾನಿ ಇಟ್ಟಿದ್ರೇನ್ರಿ?”

“ಹೌದು. ಭಾಳ ಹಿಂದ.”

“ಅಂಡಿಗಿ ಹೊರೂ ಸಿದ್ದಪ್ಪ ನಮ್ಮಣ್ಣ. ಅವನ ಹಲ್ಲು ಕಿತ್ತವ್ರು ನೀವ. ಅವತ್ತ ನಾನೂ ಬಂದಿದ್ನಿ, ಹೊರಗ ಬಾಂಕಿನ ಮ್ಯಾಲ ಕುಂತಿದ್ನಿ.”

ಕೋಣೆಯಲ್ಲಿ ಸವಿತಾ ಇದ್ದಳು, ಶಕುಂತಲಾ ಇದ್ದರು. ನಾನು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡುವವನಂತೆ ಮಾಡಿದೆ.

“ಆ ಕಿರಣದ ಕರೆಂಟ್ ಕೊಡ್ಲಿ, ಸೂಜಿ ಚುಚ್ಲಿ, ಬ್ಯಾಡ ಅನ್ನೂದಿಲ್ಲ” ಎಂದಳು ನೀಲವ್ವ. “ಹಲ್ಲಿಗಿ ಮಾತ್ರ ಕೈ ಹಚ್ಚಾಕ ಕೊಡೂದಿಲ್ಲ. ನಮ್ಮಣ್ಣ ಹಲ್ಲು ಕೀಳಿಸಿದ, ಹ್ವಾದ.”

“ಹಂಗಲ್ಲ ನೀಲವ್ವಾ” ಎಂದೆ. “ಹಲ್ಲು ಕಿತ್ತದ್ದಕ್ಕ ಯಾರೂ ಸಾಯೋದಿಲ್ಲ. ಅವನಿಗೆ ಮೊದಲ ಆ ರೋಗ ಇತ್ತು. ಹಲ್ಲು ಅಲುಗಾಡಿದ್ದೇ ಅದರಿಂದ.”

ಆಕೆ ಕೇಳಿದಳು: “ಮೊದಲ ಇತ್ತಂದ್ರ, ಅವತ್ತ ನಿಮಗ ಗೊತ್ತಿತ್ತೇನ್ರಿ?”

“ಆವಾಗಿನ ಕಾಲ ಬ್ಯಾರೆ ಇತ್ತು, ಈಗಿನಂಗ ಪರೀಕ್ಷಾ ಇರಲಿಲ್ಲ” ಎಂದು ಏನೋ ತೊದಲಿದೆ. ಅದು ಸುಳ್ಳು. ಆಗಲೂ ಚೂರು ತೆಗೆದು ಕಳಿಸಬಹುದಿತ್ತು. ನೀಲವ್ವ ಫೈಲನ್ನು ಸೊಸೆಯ ಕೈಗೆ ಕೊಟ್ಟು, “ನಡಿ ಸವಿತಾ” ಎಂದು ಹೊರಟೇಬಿಟ್ಟಳು. ಸವಿತಾ ಬಾಗಿಲಲ್ಲಿ ತಿರುಗಿ, “ಡಾಕ್ಟರ್ರ, ಹಲ್ಲಾಗದ ಹೊರತು ಚಿಕಿತ್ಸಾ ಚಾಲೂ ಮಾಡೂದಿಲ್ಲಂತ ಅಲ್ಲೆ ಹೇಳ್ಯಾರ್ರಿ. ಏನ್ ಮಾಡ್ಲಿ?” ಎಂದಳು. ಕಣ್ಣು ತುಂಬಿದ್ದವು.

ಅವರು ಹೋದ ಮೇಲೆ ಶಕುಂತಲಾ ಉಪಕರಣಗಳನ್ನು ತಟ್ಟೆಯಲ್ಲಿ ಜೋಡಿಸುತ್ತ, ನನ್ನ ಕಡೆ ನೋಡದೆ, “ನೀಲವ್ವ ಕೇಳಿದ್ದಕ್ಕ ನೀವು ಉತ್ತರ ಕೊಡಲೇ ಇಲ್ಲರಿ ಸರ್” ಎಂದರು. ಅಷ್ಟೇ.

ಶುಕ್ರವಾರ, ಶನಿವಾರ ಹೇಗೋ ಕಳೆದೆ. ಆ ಹೆಂಗಸಿನ ಗಡ್ಡೆ ನನ್ನ ನಾಚಿಕೆ ಮುಗಿಯುವ ತನಕ ಕಾಯುವುದಿಲ್ಲ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಒಮ್ಮೆ ಅಣ್ಣನ ತಿಂಗಳುಗಳನ್ನು ಹಾಳುಮಾಡಿದ್ದೆ, ಈಗ ತಂಗಿಯವು ಹೋಗುತ್ತಿದ್ದವು. ರವಿವಾರ ಬೆಳಿಗ್ಗೆ ಬಸ್ ಹತ್ತಿ ಚಚಡಿಗೆ ಹೋದೆ.

ವಾಡೆಯ ಹಿಂದಿನ ಓಣಿಯಲ್ಲಿ ಅವರ ಮನೆ. ನೀಲವ್ವ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಕಡಲೆ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಸವಿತಾ ಕಂಬಳಿ ಹಾಸಿ, “ಕುಂತ್ರಿ” ಎಂದಳು. ಕುಳಿತೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅವತ್ತ ನನಗ ಗೊತ್ತಿರಲಿಲ್ಲ ನೀಲವ್ವಾ. ಆದ್ರ ಗೊತ್ತಾಗಬೇಕಿತ್ತು. ಕಣ್ಣಮುಂದ ಇತ್ತು. ಮೂರು ಸಲ ಬಂದ, ಮೂರು ಸಲಾನೂ ಗುಳಿಗಿ ಕೊಟ್ಟು ಕಳಿಸಿದೆ. ಹಲ್ಲು ಕಿತ್ತಿದ್ದು ಅವನ್ನ ಕೊಲ್ಲಲಿಲ್ಲ. ನಾನು ನೋಡದ ಬಿಟ್ಟಿದ್ದಕ್ಕ ತಡ ಆತು.”

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. “ಅವತ್ತ ನೋಡಿದ್ರ ಉಳೀತಿದ್ನೇನ್ರಿ?”

“ಖಾತ್ರಿ ಹೇಳಲಿಕ್ಕೆ ಆಗೋದಿಲ್ಲ. ಉಳಿಯೋ ದಾರಿ ಇತ್ತು.”

ಬೈಯುತ್ತಾಳೆ ಎಂದುಕೊಂಡೆ. ಹೊರಗೆ ಹೋಗು ಎಂದರೂ ಹೋಗಲು ತಯಾರಿದ್ದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಬೇರೆಯೇ ಮಾತು ಹೇಳಿದಳು.

“ಹಲ್ಲು ಕೀಳಿಸ್ಕೊಂಡು ಬಾ ಅಂತ ಅವನ್ನ ಕಳಿಸಿದಾಕಿ ನಮ್ಮ ಅತ್ತಿಗಿ, ಶಾಂತವ್ವ. ಈಕಿ ಕಳಿಸಿದ್ದಕ್ಕ ನನ್ನ ಮಗಾ ಹ್ವಾದ ಅಂತ ನಮ್ಮವ್ವ ಸಾಯೂತನಕಾ ಆಕಿನ್ನ ಬೈದ್ಲು. ನಾನೂ ಬೈದೇನ್ರಿ. ಮನಿ ಬಿಟ್ಟು ಕಳಿಸಿದ್ವಿ ಆಕಿನ್ನ, ಕೈಕೂಸು ಕಟ್ಟಿಕೊಂಡು ಹ್ವಾದ್ಲು. ಈಗ ರಾಮದುರ್ಗದಾಗ ಮಗಳ ಮನ್ಯಾಗ ಅದಾಳ. ಮಾತಾಡಿಸಿ ಇಪ್ಪತ್ತು ವರ್ಷ ಮ್ಯಾಲಾತು.”

ನನ್ನ ತಪ್ಪು ಸಿದ್ದಪ್ಪನ ಜೊತೆಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಅವನ ಮನೆಗೆ ಅಂದೇ ಹೋಗಿ ಎರಡು ಮಾತು ಹೇಳಿದ್ದರೆ ಆ ಹೆಂಗಸು ಮನೆ ಬಿಡಬೇಕಾಗಿರಲಿಲ್ಲ.

“ನನಗ ಹೇಳಿದ್ದನ್ನ ಆಕಿಗೂ ಹೋಗಿ ಹೇಳ್ರಿ” ಎಂದಳು ನೀಲವ್ವ. “ನಾನು ಹೇಳಿ ಕಳಿಸೀನಿ ಅಂತ ಹೇಳ್ರಿ. ಹೇಳಿ ಬರ್ರಿ, ಆಮ್ಯಾಲ ನನ್ನ ಹಲ್ಲು ಕೀಳ್ರಿ. ಆರಲ್ಲ, ಎಲ್ಲಾನೂ ಕೀಳ್ರಿ ಬೇಕಾದ್ರ.”

ಸೋಮವಾರ ರಜೆ ಹಾಕಿ ರಾಮದುರ್ಗಕ್ಕೆ ಹೋದೆ. ಮಗ್ಗದ ಸದ್ದಿನ ಒಂದು ಓಣಿಯಲ್ಲಿ ಶಾಂತವ್ವ ಸಿಕ್ಕಳು. ಸಣ್ಣ ಮೈಯ, ಮೆಲ್ಲಗೆ ಮಾತಾಡುವ ಮುದುಕಿ. ಮೊಮ್ಮಗಳ ಜಡೆ ಹೆಣೆಯುತ್ತ ಕುಳಿತಿದ್ದಳು. ನಾನು ಯಾರೆಂದು ಹೇಳಿದಾಗ ಮೊಮ್ಮಗಳನ್ನು ಒಳಗೆ ಕಳಿಸಿದಳು. ಎಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿ ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟಳು.

“ಅವ್ರು ಬೈದದ್ದು ಹೋಗ್ಲಿ ಬಿಡ್ರಿ” ಎಂದಳು. “ನಾನೂ ಹಂಗ ನಂಬಿದ್ನಿರಿ. ಅವತ್ತ ನಮ್ಮ ಯಜಮಾನ್ರು ಒಲ್ಲೆ ಅಂದಿದ್ರು. ನಾನ ಹಟ ಹಿಡದು ಕಳಿಸಿದ್ದೆ.”

ನಾನು ಕೈ ಮುಗಿದೆ. ಆಕೆ ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಒಂದು ಮಾತು ಮಾತ್ರ ಕೇಳಿದಳು: “ನೀಲವ್ವಗ ಭಾಳ ಆಗೈತೇನ್ರಿ?” ವಾಸಿಯಾಗುವ ರೋಗ, ಆದರೆ ಹಲ್ಲಿನ ಸಲುವಾಗಿ ನಿಂತಿದೆ ಎಂದೆ. “ಯಾವಾಗ ಕೀಳ್ತೀರಿ?” ನಾಳೆ ಎಂದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೋಣೆಯ ಹೊರಗಿನ ಬಾಂಕಿನ ಮೇಲೆ ನೀಲವ್ವ, ಸವಿತಾ ಕುಳಿತಿದ್ದರು. ರಾಮದುರ್ಗದ ಬಸ್ಸು ಬಂದ ಸ್ವಲ್ಪ ಹೊತ್ತಿಗೆ ಶಾಂತವ್ವ ಕೈಚೀಲ ಹಿಡಿದು ಒಳಗೆ ಬಂದಳು. ನೀಲವ್ವ ಎದ್ದು ನಿಂತಳು. ಇಬ್ಬರೂ ಎದುರುಬದುರು ನಿಂತರು. ಕೊನೆಗೆ ಶಾಂತವ್ವನೇ, “ಎಷ್ಟ ಸಣ್ಣಾಗೀಯ ನೀಲಾ” ಎಂದಳು. ನೀಲವ್ವ ಆಕೆಯ ಹೆಗಲ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತಳು. ಶಕುಂತಲಾ ಸಿಸ್ಟರ್ ಮುಂದಿನ ರೋಗಿಗಳನ್ನು ಆಚೆಯ ಬಾಗಿಲ ಕಡೆ ಕಳಿಸಿ, ಇಬ್ಬರಿಗೂ ನೀರು ತಂದುಕೊಟ್ಟರು.

ಅಂದು ಮೂರು, ಮತ್ತೆ ನಾಲ್ಕು ದಿನ ಬಿಟ್ಟು ಮೂರು ಹಲ್ಲು ತೆಗೆದೆ. ನನ್ನ ಜೀವನದಲ್ಲಿ ಅಷ್ಟು ನಿಧಾನವಾಗಿ ಎಂದೂ ಕೆಲಸ ಮಾಡಿರಲಿಲ್ಲ. ಎಲುಬಿನ ಮೊನಚು ಅಂಚುಗಳನ್ನು ನಯ ಮಾಡಿ, ಹೊಲಿಗೆ ಹಾಕಿ, ಮಾಯುವುದನ್ನು ಎರಡು ದಿನಕ್ಕೊಮ್ಮೆ ನೋಡಿದೆ. ಈಗಿನ ಅನುಕೂಲವೆಂದರೆ ಗಾಯದ ಚಿತ್ರವನ್ನು ಫೋನಿನಲ್ಲೇ ತೆಗೆದು ನಗರದ ವೈದ್ಯರಿಗೆ ಕಳಿಸಬಹುದು. ಹೊಸಮನಿಯವರ ಕಾಲದಲ್ಲಿ ಒಂದು ಪತ್ರ ಹೋಗಿ ಬರುವಷ್ಟರಲ್ಲಿ ರೋಗಿ ಅರ್ಧ ವಾಸಿಯಾಗಿರುತ್ತಿದ್ದ, ಇಲ್ಲವೇ ಕೈಮೀರಿರುತ್ತಿದ್ದ. ಶಾಂತವ್ವ ರಾಮದುರ್ಗಕ್ಕೆ ಹಿಂದಿರುಗದೆ ಚಚಡಿಯಲ್ಲೇ ಉಳಿದಳು. ಮೊದಲ ದಿನವೇ ನೀಲವ್ವನ ಸೊಂಟದಿಂದ ಮಿಸ್ರಿ ಡಬ್ಬಿ ತೆಗೆದು ತಿಪ್ಪೆಗೆ ಎಸೆದಳಂತೆ. “ಇಪ್ಪತ್ತ ವರ್ಷದ ಸಿಟ್ಟು ಅದರ ಮ್ಯಾಲ ತೀರಿಸಿದ್ಲರಿ” ಎಂದು ನೀಲವ್ವ ನಕ್ಕಳು.

ಗಾಯ ಮಾಯುವ ಹೊತ್ತಿಗೆ ಉಳಿದ ಪರೀಕ್ಷೆಗಳೂ ನಡೆದವು. ರಕ್ತ, ಮೂತ್ರಪಿಂಡ, ಎದೆಯ ಎಕ್ಸ್‌ರೇ, ಹೃದಯ. ಒಂದು ದಿನ ಕಿವಿಯ ಪರೀಕ್ಷೆಗೂ ಬರೆದಿದ್ದರು. ಸಲೈನಿನಲ್ಲಿ ಕೊಡುವ ಔಷಧ ಕೆಲವರಿಗೆ ಕಿವಿ ಮಂದ ಮಾಡುತ್ತದೆ, ಅದಕ್ಕೇ ಮೊದಲು ನೋಡಿಡುತ್ತಾರೆ. “ರೋಗ ನಾಲಿಗ್ಯಾಗ, ಕಿವಿ ಯಾಕ್ರಿ?” ಎಂದು ನೀಲವ್ವ ಕೇಳಿದಳು. ಕಾರಣ ಹೇಳಿದೆ. “ನನ್ನ ಕಿವಿಗಿ ಏನಾಗೈತ್ರಿ? ಸವಿತಾ ಹಿತ್ತಲದಾಗ ತವರಿಗಿ ಫೋನ್ ಹಚ್ಚಿ ನನ್ನ ಬಗ್ಗೆ ಮಾತಾಡೂದು ಪಡಸಾಲ್ಯಾಗ ಕುಂತ್ರ ಕೇಳತೈತಿ” ಎಂದಳು. ಸವಿತಾ ಫೈಲಿನಿಂದ ಮುಖ ಮುಚ್ಚಿಕೊಂಡಳು.

ಮುಖದ ಅಚ್ಚು ತೆಗೆಯುವ ದಿನ ನಾನೂ ಹೋಗಿದ್ದೆ. ಕಿರಣ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲುಗಾಡಬಾರದು. ಅದಕ್ಕಾಗಿ ಜಾಲರಿಯಂಥ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮಲಗಿಸಿದವರ ಮುಖದಿಂದ ಹೆಗಲ ತನಕ ಎಳೆದು ಕೂರಿಸುತ್ತಾರೆ. ಆರಿದ ಮೇಲೆ ಅದು ಮುಖವಾಡವಾಗುತ್ತದೆ. ಇಷ್ಟು ವರ್ಷ ರೋಗಿಗಳನ್ನು ಅಲ್ಲಿಗೆ ಕಳಿಸಿದವನು ನಾನು ಆ ಕೋಣೆಯನ್ನು ನೋಡಿದ್ದು ಅದೇ ಮೊದಲು. ಯುವ ವೈದ್ಯರು ಒಮ್ಮೆಯಾದರೂ ಹೋಗಿ ನಿಂತು ನೋಡಬೇಕು.

ಹಾಳೆ ಮುಖಕ್ಕೆ ತಾಗಿದೊಡನೆ ನೀಲವ್ವ ಕೈ ಎತ್ತಿದಳು. ತೆಗೆದರು. “ಬಿಸಿ ರೊಟ್ಟಿ ಮುಖದ ಮ್ಯಾಲ ಬಡದಂಗ ಆತ್ರಿ. ಉಸಿರು ಕಟ್ಟತೈತಿ” ಎಂದಳು. ಆ ಕೋಣೆಯ ತಂತ್ರಜ್ಞ ತಾಳ್ಮೆಯ ಮನುಷ್ಯ. ತೂತುಗಳಿವೆ, ಉಸಿರು ಬರುತ್ತದೆ ಎಂದು ತೋರಿಸಿ, ಮತ್ತೆ ಬಿಸಿಮಾಡಿ ಹಾಕಿದ. ಮತ್ತೆ ಕೈ ಎತ್ತಿದಳು. ಎದ್ದು ಕುಳಿತು, “ನನ್ನಿಂದ ಆಗೂದಿಲ್ರಿ. ಮನಿಗಿ ಹೋಗೂಣು” ಎಂದಳು.

ಬಾಗಿಲಲ್ಲಿದ್ದ ಶಾಂತವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. “ಇಲ್ಲೆ ನಿಂತ್ರ ನಡೀತೈತೇನಪ್ಪಾ?” ಎಂದು ತಂತ್ರಜ್ಞನನ್ನು ಕೇಳಿದಳು. ಇಂದು ಅಚ್ಚು ಮಾತ್ರ, ಕಿರಣ ಇಲ್ಲ, ನಿಲ್ಲಬಹುದು ಎಂದ. ಆಕೆ ಮೇಜಿನ ತುದಿಗೆ ಹೋಗಿ ನೀಲವ್ವನ ಎರಡೂ ಪಾದಗಳನ್ನು ಹಿಡಿದುಕೊಂಡಳು. “ಮಲಕೋ. ನಾ ಇಲ್ಲೆ ಅದೇನಿ” ಎಂದಳು. ನೀಲವ್ವ ಮಲಗಿದಳು. ಹಾಳೆ ಮೂರನೆಯ ಸಲ ಮುಖದ ಮೇಲೆ ಇಳಿಯಿತು. ಹತ್ತು ನಿಮಿಷ ಆ ಪಾದಗಳು ಅಲುಗಾಡಲಿಲ್ಲ, ಹಿಡಿದ ಕೈಗಳೂ ಅಲುಗಾಡಲಿಲ್ಲ. ಸ್ಕ್ಯಾನ್ ಮಾಡುವಾಗ ಎಲ್ಲರೂ ಹೊರಗೆ ಹೋಗಬೇಕಾಯಿತು. ಶಾಂತವ್ವ ಗಾಜಿನ ಈಚೆ ನಿಂತು, ಒಳಗೆ ಕೇಳುವುದಿಲ್ಲ ಎಂದು ಗೊತ್ತಿದ್ದರೂ, “ಆತು, ಆತು, ಇನ್ನೊಂದೀಟ” ಎನ್ನುತ್ತಲೇ ಇದ್ದಳು.

ಏಳು ವಾರ ಇಬ್ಬರೂ ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿದ್ದರು. ಸವಿತಾ ವಾರಕ್ಕೆ ಎರಡು ಸಲ ಅಂಬಲಿ, ಗಂಜಿಯ ಹಿಟ್ಟು ಒಯ್ದು ಕೊಡುತ್ತಿದ್ದಳು. ನಾಲ್ಕನೆಯ ವಾರದ ಹೊತ್ತಿಗೆ ನೀಲವ್ವನ ಬಾಯೆಲ್ಲ ಹುಣ್ಣಾಯಿತು, ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಯಿತು. ಒಂದು ದಿನ ಎಲ್ಲ ಬಿಟ್ಟು ಬರುತ್ತೇನೆ ಎಂದು ಗಂಟು ಕಟ್ಟಿದ್ದಳಂತೆ. ಶಾಂತವ್ವ ಗಂಟು ಬಿಚ್ಚಿ ಸೀರೆಗಳನ್ನು ಒಗೆಯಲು ಹಾಕಿಬಿಟ್ಟಳು. ಒದ್ದೆ ಸೀರೆ ಉಟ್ಟು ಬಸ್ ಹತ್ತುವ ಹಾಗಿರಲಿಲ್ಲ. ಆರನೆಯ ವಾರದಲ್ಲಿ ನಾನು ನಿವೃತ್ತನಾದೆ. ಕೊನೆಯ ದಿನ ಶಕುಂತಲಾ ಸಿಸ್ಟರ್ ನನ್ನ ಬಿಳಿ ಅಂಗಿಯನ್ನು ಮಡಿಸಿ ಚೀಲದಲ್ಲಿಟ್ಟು, “ನೀಲವ್ವನ ಸುದ್ದಿ ಬಂದ್ರ ನನಗೂ ಫೋನ್ ಮಾಡ್ರಿ ಸರ್” ಎಂದರು.

ಚಿಕಿತ್ಸೆ ಮುಗಿದು ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು. ಗಡ್ಡೆ ಕಾಣಲಿಲ್ಲ. ಇನ್ನೂ ವರ್ಷಗಟ್ಟಲೆ ತೋರಿಸುತ್ತ ಇರಬೇಕು, ಅದು ಬೇರೆ. ಆದರೆ ಮನೆಗೆ ಬಂದ ನೀಲವ್ವ ಹಳೆಯ ನೀಲವ್ವನಾಗಿರಲಿಲ್ಲ. ಬಾಯಲ್ಲಿ ಜೊಲ್ಲು ಬತ್ತಿತ್ತು, ರುಚಿ ಪೂರ್ತಿ ಹೋಗಿತ್ತು. ಸಿಹಿ, ಖಾರ, ಹುಳಿ ಯಾವುದೂ ತಿಳಿಯದು. ಎದುರಿಗಿಟ್ಟದ್ದನ್ನು ಮಣ್ಣು ನುಂಗಿದ ಹಾಗೆ ನುಂಗಿ ಸುಮ್ಮನೆ ಕೂಡುತ್ತಿದ್ದಳು. ಮೊದಲಿನ ಹಾಗೆ ಯಾರನ್ನೂ ಬೈಯುತ್ತಿರಲಿಲ್ಲ. ಅದೇ ಮನೆಯವರಿಗೆ ಹೆದರಿಕೆ. ಕೆಲವರಿಗೆ ರುಚಿ ಬರಲು ಆರು ತಿಂಗಳು, ಕೆಲವರಿಗೆ ವರ್ಷ ಬೇಕು, ಕೆಲವರಿಗೆ ಪೂರ್ತಿ ಬರುವುದೇ ಇಲ್ಲ ಎಂದು ಸವಿತಾಗೆ ಹೇಳಿದ್ದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಉಂಡು ಅಡ್ಡಾಗಿದ್ದೆ, ಫೋನ್ ಬಂತು. ಸವಿತಾ. ಅಳುತ್ತಿದ್ದಳು.

“ಏನಾತವ್ವಾ? ಆರಾಮ ಇಲ್ಲೇನು ನೀಲವ್ವಗ?”

“ಬೈದ್ರರಿ” ಎಂದಳು.

“ಯಾರು?”

“ಅತ್ತಿಯವ್ರು. ಊಟದ ಗಂಗಾಳ ದೂಡಿ ಬೈದ್ರರಿ. ‘ಇದೇನ್ ಸಾರು ಮಾಡೀ, ಬಾಯಾಗ ಇಡಾಕ ಬರವಲ್ದು, ಉಪ್ಪಿನ ಚೀಲಾನ ಸುರೂವಿ ಏನು?’ ಅಂದ್ರು.” ಬಿಕ್ಕುವುದೂ ನಗುವುದೂ ಒಂದರೊಳಗೊಂದು ಸೇರಿ ಆಕೆಗೆ ಮಾತು ಮುಂದುವರಿಸಲು ಆಗಲಿಲ್ಲ. ಹಿಂದಿನಿಂದ ನೀಲವ್ವನ ಒರಟು ದನಿ ಕೇಳುತ್ತಿತ್ತು. ಸವಿತಾ ಸ್ವಲ್ಪ ತಡೆದು ಹೇಳಿದಳು: “ಇನ್ನೂ ಬಯ್ಯಾಕತ್ಯಾರ್ರಿ ಡಾಕ್ಟರ್ರ. ಶಾಂತವ್ವತ್ತಿ ಮತ್ತೊಂದೀಟ ಸಾರು ಬಡಸಾಕತ್ಯಾರ, ಖರೇ ರುಚಿ ಗೊತ್ತಾಗತೈತೋ ಇಲ್ಲೋ ನೋಡೂಣು ಅಂತ.”